ಗಡಿಯಾರ ಕಟ್ಟುತ್ತಿದ್ದವರು

ನನ್ನ ಶ್ವಾಸಕೋಶ ಈಗ ಸರಿಯಾಗಿದೆ ಎಂದು ಡಾಕ್ಟರು ಹೇಳುತ್ತಾರೆ. ಇರಬಹುದು. ಆದರೆ ಯಾರಾದರೂ ಬಚ್ಚಲು ತೊಳೆಯುವ ಪುಡಿಯ ಡಬ್ಬಿ ತೆರೆದರೆ ನಾನು ಎದ್ದು ನಿಂತು ಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ಹೋಟೆಲಿಗೆ ಹೋದರೆ ಬಾಗಿಲ ಪಕ್ಕದ ಮೇಜೇ ಬೇಕು. ಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದ ಸದ್ದಾದರೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗೆ ಬಂದು ನಿಲ್ಲುತ್ತೇನೆ. ಹೆಂಡತಿ ಈಗ ನಾನು ಮನೆಯಲ್ಲಿದ್ದಾಗ ಒಗ್ಗರಣೆ ಹಾಕುವುದನ್ನೇ ಬಿಟ್ಟಿದ್ದಾಳೆ.

ಶಿವರಾತ್ರಿಯ ಹಿಂದಿನ ವಾರ ಮೇಡಂ ತೀರಿಕೊಂಡರು. ಅವರನ್ನು ಕುರಿತು ಬರೆಯಬೇಕೆಂದು ಕೂತಾಗಲೆಲ್ಲ ಆ ಬೆಳಿಗ್ಗೆಯೇ ಎದುರಿಗೆ ಬಂದು ನಿಲ್ಲುತ್ತದೆ. ಕೋಲ್ಡ್ ಸ್ಟೋರೇಜಿನ ಹಜಾರ, ಮೆಣಸಿನಕಾಯಿ ಆರಿಸುತ್ತ ಕೂತ ಹೆಂಗಸರು, ಅವರನ್ನು ಎಬ್ಬಿಸಲಾಗದೆ ನಿಂತ ಮೇಡಂ. ಅದಕ್ಕೂ ಮುಂಚೆ ಅವರು ಹಲವು ವರ್ಷ ನನ್ನ ಎದುರಿನ ಮೇಜಿನಲ್ಲಿ ಕೂತಿದ್ದವರು. ಆ ವರ್ಷಗಳು ಆ ಬೆಳಿಗ್ಗೆಯ ಅಡಿಯಲ್ಲಿ ಮುಚ್ಚಿಹೋಗಬಾರದೆಂದು ಅವುಗಳಿಂದಲೇ ಶುರು ಮಾಡುತ್ತೇನೆ.

ನಂಜನಗೂಡಿನ ಪೇಟೆಯಲ್ಲಿ ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಅಕ್ಕಿ ಗಿರಣಿ, ಡೈರಿ, ಕೋಲ್ಡ್ ಸ್ಟೋರೇಜುಗಳಿಗೆ ಎಚ್ಚರಿಕೆಯ ಪೆಟ್ಟಿಗೆಗಳನ್ನು ಮಾಡಿಕೊಡುತ್ತೇವೆ. ಹೊಗೆ, ಶಾಖ, ಗ್ಯಾಸು ಇವುಗಳಲ್ಲಿ ಯಾವುದಾದರೂ ಮಿತಿ ಮೀರಿದರೆ ಪೆಟ್ಟಿಗೆ ಸೈರನ್ ಕೂಗಿಸುತ್ತದೆ, ಕವಾಟ ಮುಚ್ಚುತ್ತದೆ. ಪೆಟ್ಟಿಗೆ ಬೇರೆ ಕಡೆಯಿಂದ ಬರುತ್ತದೆ, ಅದರೊಳಗಿನ ಪ್ರೋಗ್ರಾಂ ನಮ್ಮದು. ಮಾಲೀಕರು ಗುರುಸ್ವಾಮಿಯವರು. ಕೆಳಗಿನ ಗೊಬ್ಬರದ ಅಂಗಡಿಯೂ ಅವರ ಮನೆತನದ್ದೇ. ಮೇಡಂ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಿದ್ದು, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ನಮ್ಮಲ್ಲಿಗೆ ಬಂದವರು. ದಿನಾ ನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎತ್ತರದ ಹೆಂಗಸು, ಸ್ವಲ್ಪ ಬಾಗಿದ ಬೆನ್ನು. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ತಲೆಯ ಮೇಲಿನದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಪ್ರೋಗ್ರಾಂ ಓಡುತ್ತಿರುವಾಗ ಬಲಗೈಯ ಎರಡು ಬೆರಳನ್ನು ಎಡಗೈಯ ನಾಡಿಯ ಮೇಲೆ ಇಟ್ಟುಕೊಂಡು ಪರದೆ ನೋಡುತ್ತ ಕೂರುವುದು ಅವರ ಅಭ್ಯಾಸ. ಯಾಕೆಂದು ಕೇಳಿದರೆ, ಇದೂ ಓಡ್ತಿದೆಯೋ ಇಲ್ಲವೋ ನೋಡ್ತಿದೀನಿ, ಅನ್ನುತ್ತಿದ್ದರು.

ಇಂಜಿನಿಯರಿಂಗ್ ಮುಗಿಸಿ ಕೆಲಸ ಕೇಳಿಕೊಂಡು ಹೋದಾಗ ನನ್ನನ್ನು ಮಾತಾಡಿಸಿದವರು ಅವರೇ. ನನ್ನ ಅಂಕಪಟ್ಟಿ ನೋಡಲಿಲ್ಲ. ಎಲ್ಲಿಂದ ಬರ್ತೀಯ ಅಂದರು. ಹುಲ್ಲಹಳ್ಳಿ ಅಂದೆ. ಬಸ್ಸು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಕೇಳಿದರು. ಸರಾಸರಿ ಅರ್ಧ ಗಂಟೆ ಅಂದೆ. ಸರಾಸರಿ ಬೇಡ, ಅತಿ ಕೆಟ್ಟ ದಿನ ಎಷ್ಟು ಹೊತ್ತಾಗಿತ್ತು ಹೇಳು ಅಂದರು. ನಾಲೆಯ ಸೇತುವೆ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಮಗುಚಿಕೊಂಡ ದಿನದ ಕಥೆ ಹೇಳಿದೆ. ಅವರು ಮುಂದಕ್ಕೆ ಬಾಗಿ ಕೇಳಿದರು. ಆ ದಿನ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗೋರು ಯಾರಾದರೂ ಇದ್ದರಾ ಅಂದರು. ನೆನಪು ಮಾಡಿಕೊಂಡರೆ ಇದ್ದಳು. ದಿನ ತುಂಬಿದ ಬಸುರಿ, ಕಂಡಕ್ಟರ್ ಸೀಟಿನ ಹಿಂದೆ, ಅಮ್ಮನ ಭುಜ ಕಚ್ಚಿಕೊಂಡು ಕೂತಿದ್ದಳು.

"ಸರಾಸರಿ ಹೊತ್ತಿನಲ್ಲಿ ಯಾರೂ ಸಾಯಲ್ಲ ಕಣಪ್ಪ" ಅಂದರು ಮೇಡಂ. "ಸೋಮವಾರದಿಂದ ಬಾ."

ಪ್ರೋಗ್ರಾಂ ಕೋಡಿನ ವೇಗ ಅಳೆಯುವುದಕ್ಕೆ ಅವರು ಇಟ್ಟುಕೊಂಡಿದ್ದ ಹೆಸರು ಗಡಿಯಾರ ಕಟ್ಟುವುದು. ಅದಕ್ಕೆ ಬಳಸುತ್ತಿದ್ದದ್ದು ಯಾರೋ ಬರೆದು ಜಗತ್ತಿಗೆಲ್ಲ ಪುಕ್ಕಟೆ ಬಿಟ್ಟುಕೊಟ್ಟಿದ್ದ ಒಂದು ಸಣ್ಣ ಲೈಬ್ರರಿ, ಎಂದರೆ ಸಿದ್ಧ ಕೋಡಿನ ಕಟ್ಟು. ನಮ್ಮ ಕೋಡಿನ ಒಂದು ತುಂಡಿನ ತಲೆಯ ಹತ್ತಿರ ಒಂದು ಸಾಲು, ಬಾಲದ ಹತ್ತಿರ ಒಂದು ಸಾಲು ಬರೆದರೆ ಸಾಕು. ಆ ಎರಡರ ನಡುವೆ ಹಿಡಿದ ಹೊತ್ತನ್ನು ಅದು ಗುರುತಿಟ್ಟುಕೊಳ್ಳುತ್ತದೆ. ಆ ಕೆಲಸ ಎಷ್ಟು ಸಲ ನಡೆಯಿತು, ಅತಿ ಬೇಗ ಆದದ್ದು ಎಷ್ಟರಲ್ಲಿ, ಅತಿ ತಡವಾದದ್ದು ಎಷ್ಟರಲ್ಲಿ ಎಂದು ಕೊನೆಗೆ ತೋರಿಸುತ್ತದೆ. ನಾವು ಬರೆದ ಏನನ್ನೇ ತೆಗೆದುಕೊಂಡು ಹೋದರೂ ಅವರ ಮೊದಲ ಮಾತು ಒಂದೇ: ಗಡಿಯಾರ ಕಟ್ಟಿದೀಯಾ? ಕಟ್ಟಿಲ್ಲ ಅಂದರೆ ಪರದೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದು, ತಲೆ ಬಾಲಗಳ ನಡುವೆ ಏನೂ ಇಡದೆ ಬರೀ ಗಡಿಯಾರ ಓಡಿಸಿ ನೋಡುವುದನ್ನು. ಅಳೆಯುವುದಕ್ಕೂ ಹೊತ್ತು ಹಿಡಿಯುತ್ತದೆ, ಆ ಹೊತ್ತನ್ನು ಕಳೆಯದಿದ್ದರೆ ಕೋಡಿನ ತಪ್ಪೋ ಗಡಿಯಾರದ ತಪ್ಪೋ ಗೊತ್ತಾಗುವುದಿಲ್ಲ ಎಂಬುದು ಅವರ ವಾದ.

ನಾವು ಹಿಂದಿನಿಂದ ಗಡಿಯಾರದಮ್ಮ ಅನ್ನುತ್ತಿದ್ದೆವು. ಒಂದು ದಿನ ಯಾರೋ ಅವರ ಕುರ್ಚಿಯ ಬೆನ್ನಿಗೆ ಹಳೆಯ ಗೋಡೆ ಗಡಿಯಾರ ನೇತುಹಾಕಿದರು. ಅವರು ಅದನ್ನು ತೆಗೆಯಲೇ ಇಲ್ಲ. ವಾರ ಕಳೆದ ಮೇಲೆ ಊಟದ ಹೊತ್ತಿನಲ್ಲಿ, ಇದು ಹಿಂದೆ ಬೀಳ್ತಿದೆ, ಕಟ್ಟಿದೋರು ಬಂದು ಸರಿಮಾಡಿ ಅಂದರು. ನಗಲಿಲ್ಲ. ನಗದೆ ತಮಾಷೆ ಮಾಡುವುದು ಅವರಿಗೆ ಬರುತ್ತಿತ್ತು.

ಅವರ ಜೊತೆ ಕೆಲಸ ಮಾಡುವುದು ಸುಖವಾಗಿತ್ತು ಎಂದರೆ ಸುಳ್ಳಾಗುತ್ತದೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದವನೊಬ್ಬ ಅಕ್ಕಿ ಗಿರಣಿಯ ಪ್ರೋಗ್ರಾಮನ್ನು ತಿದ್ದಿ ಬಹಳ ಚುರುಕು ಮಾಡಿದ. ಎಲ್ಲರಿಗೂ ಮೈಸೂರ್ ಪಾಕ್ ತಂದ. ಮೇಡಂ ತಮ್ಮ ತುಂಡನ್ನು ಕಾಗದದ ಮೇಲೆ ಹಾಗೇ ಬಿಟ್ಟು, ಅವನ ಗಡಿಯಾರದ ಅಂಕಿಗಳನ್ನು ನೋಡುತ್ತ ಕೂತರು. ಅವರ ಮುಖ ಸಪ್ಪೆಯಾಯಿತು.

"ಬೇಗ ಮುಗೀತು ಅಂದ್ರೆ ನನಗೆ ಭಯ ಆಗುತ್ತೆ. ಯಾವ ಕೆಲಸ ಬಿಟ್ಟೆ, ಹೇಳು."

ಏನೂ ಬಿಟ್ಟಿಲ್ಲ ಅಂದ ಅವನು. ಸಂಜೆಯವರೆಗೂ ಅವನನ್ನು ಏಳಲು ಬಿಡದೆ ಒಂದೊಂದೇ ಸಾಲು ಓದಿಸಿದರು. ಗಿರಣಿಯ ಮೂರು ಫ್ಯಾನುಗಳಲ್ಲಿ ಒಂದರ ಸ್ಥಿತಿಯನ್ನು ಪ್ರೋಗ್ರಾಂ ನೋಡುತ್ತಲೇ ಇರಲಿಲ್ಲ. ಅವನಿಗೆ ನಮ್ಮೆಲ್ಲರ ಮುಂದೆ ಕಣ್ಣಲ್ಲಿ ನೀರು ಬಂತು. ಅವರು ಸಮಾಧಾನದ ಮಾತಾಡಲಿಲ್ಲ. ಮೈಸೂರ್ ಪಾಕನ್ನು ಬಾಯಿಗೆ ಹಾಕಿಕೊಂಡು ಬಸ್ಸಿಗೆ ಹೊರಟರು. ಅವನು ತಿಂಗಳುಗಟ್ಟಲೆ ಅವರನ್ನು ಮಾತಾಡಿಸಲಿಲ್ಲ. ಅವರು ಅದನ್ನು ಗಮನಿಸಿದ್ದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಅವರ ಮನೆ ನರಸೀಪುರದಲ್ಲಿ, ಹೊಳೆಯ ಕಡೆಗೆ ಇಳಿಯುವ ಒಂದು ಬೀದಿಯಲ್ಲಿ. ತಂಗಿಯ ಜೊತೆ ಇದ್ದರು. ನಡುಮನೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ತಂಗಿ ಕಸೂತಿ ಹಾಕಿದ ಬಟ್ಟೆ. ಇಡೀ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಕೇಳಿದರೆ ತಂಗಿ ನಕ್ಕು, ಆಫೀಸಿಂದ ಬಂದ ಮೇಲೆ ಇವಳಿಗೆ ಹೊತ್ತು ಗೊತ್ತೇ ಆಗಲ್ಲ, ಅನ್ನಕ್ಕಿಟ್ಟು ಕಾದಂಬರಿ ಹಿಡ್ಕಂಡ್ರೆ ಸೀದ ವಾಸನೆ ಬಂದಾಗಲೇ ಎಚ್ಚರ ಅಂದರು. ಮೇಡಂ, ಸುಳ್ಳು, ಸೀದ ಮೇಲೂ ಎಚ್ಚರ ಇಲ್ಲ ಅಂದರು.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಊರಿನಿಂದ ಸ್ವಲ್ಪ ದೂರದಲ್ಲಿ ಆ ಕೋಲ್ಡ್ ಸ್ಟೋರೇಜು. ವ್ಯಾಪಾರಿಗಳು ಹುಣಸೆಹಣ್ಣು, ಒಣಮೆಣಸಿನಕಾಯಿ ತಂದು ಇಡುತ್ತಾರೆ. ಒಳಗೆ ತಂಪು ಮಾಡುವುದು ಅಮೋನಿಯ ಗ್ಯಾಸು. ಮಿಷಿನ್ ಮನೆಯಿಂದ ಹೊರಟ ಕೊಳವೆಗಳು ಪಕ್ಕದ ಹಜಾರದ ಸೂರಿನಡಿ ಹಾದು ಹೋಗುತ್ತವೆ. ಆ ಹಜಾರದಲ್ಲಿ ಸುತ್ತಲ ಹಳ್ಳಿಗಳ ಹೆಂಗಸರು ಕೂತು ಮೆಣಸಿನಕಾಯಿಯನ್ನು ಮೊರಕ್ಕೆ ಹಾಕಿಕೊಂಡು ಒಳ್ಳೆಯದನ್ನು ಆರಿಸುತ್ತಾರೆ. ಕೊಳವೆ ಒಡೆದರೆ ಮೊದಲು ಸಿಗುವುದು ಅವರೇ. ಅಲ್ಲಿ ಪೆಟ್ಟಿಗೆ ಕೂರಿಸುವಾಗ ಮೇಡಂಗೆ ಇದ್ದ ಚಿಂತೆ ಅದೊಂದೇ.

ಗೋಡೆಯ ಮೇಲೆ, ಕೊಳವೆಗಳ ಪಕ್ಕದಲ್ಲಿ ಗ್ಯಾಸಿನ ಸೆನ್ಸರುಗಳನ್ನು ಹಾಕಿದೆವು. ಹೆಂಗಸರು ಅವಕ್ಕೆ ಮೂಗು ಎಂದು ಹೆಸರಿಟ್ಟರು. ಮೂಗು ಗ್ಯಾಸನ್ನು ಹಿಡಿದರೆ ಸೈರನ್ ಕೂಗುತ್ತದೆ, ಕವಾಟ ತಾನಾಗಿ ಮುಚ್ಚಿಕೊಳ್ಳುತ್ತದೆ, ದೊಡ್ಡ ಫ್ಯಾನುಗಳು ಗಾಳಿಯನ್ನು ಆಚೆ ತಳ್ಳುತ್ತವೆ. ಸೈರನ್ ಕೂಗಿಸಲು ಕೈಯಿಂದ ಒತ್ತುವ ಗುಂಡಿಯೂ ಒಂದಿತ್ತು. ಯಾರೋ ಲಾರಿಯವರು ತಮಾಷೆಗೆ ಒತ್ತಿ, ಕೆಲಸವೆಲ್ಲ ನಿಂತು ಗಲಾಟೆಯಾದ ಮೇಲೆ ಅಲ್ಲಿನ ಓನರ್ ಅದಕ್ಕೆ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿಸಿದರು. ಮೇಡಂ ಜಗಳವಾಡಿದರು, ಪತ್ರ ಬರೆದರು, ಉಪಯೋಗವಾಗಲಿಲ್ಲ. ಹೆಂಗಸರನ್ನು ಕೂರಿಸಿಕೊಂಡು ತಾವೇ ಪಾಠ ಹೇಳಿದರು: ಮೆಣಸಿನಕಾಯಿ ಘಾಟಿಗೂ ಗ್ಯಾಸಿಗೂ ನಿಮಗೆ ವ್ಯತ್ಯಾಸ ತಿಳಿಯುವುದಿಲ್ಲ, ನಿಮ್ಮ ಮೂಗನ್ನು ನಂಬಬೇಡಿ, ಗೋಡೆಯ ಮೂಗನ್ನು ನಂಬಿ, ಸೈರನ್ ಕೂಗಿದ ಕೂಡಲೇ ಎಲ್ಲ ಬಿಟ್ಟು ಎದ್ದು ಓಡಿ.

ಅಲ್ಲಿನ ಓನರ್ ಇನ್ನೊಂದು ಷರತ್ತು ಹಾಕಿದ್ದರು. ಗ್ಯಾಸು ಎಷ್ಟಿದೆ ಎಂಬ ಲೆಕ್ಕ ಅವರ ಕಟ್ಟಡ ಬಿಟ್ಟು ಆಚೆ ಹೋಗಕೂಡದು. ಹಾಗಾಗಿ ನಂಜನಗೂಡಿನ ನಮ್ಮ ಆಫೀಸಿಗೆ ಬರುತ್ತಿದ್ದದ್ದು ಗಡಿಯಾರದ ಅಂಕಿಗಳು ಮಾತ್ರ, ಎಂದರೆ ಪೆಟ್ಟಿಗೆ ಒಂದೊಂದು ಸುತ್ತು ಕೆಲಸ ಮುಗಿಸಲು ತೆಗೆದುಕೊಂಡ ಹೊತ್ತು. ಪ್ರತಿ ಸುತ್ತಿನಲ್ಲೂ ಪ್ರೋಗ್ರಾಂ ಎಲ್ಲ ಮೂಗುಗಳನ್ನೂ ಓದುತ್ತಿತ್ತು. ಓದಿದ್ದು ಹಿಂದಿನ ಸಲದಷ್ಟೇ ಇದ್ದರೆ ಹಾಗೇ ಮುಂದಕ್ಕೆ ಹೋಗುತ್ತಿತ್ತು. ಒಂದಿಷ್ಟು ಬದಲಾಗಿದ್ದರೆ ಹೋಲಿಸಿ, ಲೆಕ್ಕ ಹಾಕಿ, ಬರೆದಿಡುತ್ತಿತ್ತು. ಅದಕ್ಕೆ ಹೊತ್ತು ಹಿಡಿಯುತ್ತಿತ್ತು.

ದಸರೆ ಬಂತು. ಆಯುಧಪೂಜೆಗೆ ಕೋಲ್ಡ್ ಸ್ಟೋರೇಜಿನವರು ದೊಡ್ಡ ಮಿಷಿನ್ ನಿಲ್ಲಿಸಿ, ಚಿಕ್ಕದೊಂದನ್ನೇ ಓಡಿಸಿಕೊಂಡು, ಮಿಷಿನ್ ಮನೆಯನ್ನೂ ಹಜಾರವನ್ನೂ ನೀರು ಹೊಡೆದು ತೊಳೆದರು. ಮೂಗುಗಳಿಗೆ ನೀರು ಹೋಗಬಾರದೆಂದು ಎಲ್ಲದಕ್ಕೂ ಪ್ಲಾಸ್ಟಿಕ್ ಕವರ್ ಕಟ್ಟಿದರು. ಅದು ನಾವೇ ಹೇಳಿಕೊಟ್ಟಿದ್ದ ಕ್ರಮ, ತೊಳೆದ ಮೇಲೆ ಬಿಚ್ಚಬೇಕು. ಆದರೆ ತೊಳೆಯುವುದು ಮುಗಿಯುವ ಹೊತ್ತಿಗೆ ಪೂಜೆಯ ಹೊತ್ತಾಯಿತು. ಮಿಷಿನ್ನಿಗೆ, ತಕ್ಕಡಿಗೆ, ಲಾರಿಗೆ ವಿಭೂತಿ ಕುಂಕುಮ ಇಟ್ಟು ಹೂವು ಹಾಕಿದವರು, ತಮ್ಮ ಜೀವ ಕಾಯುವುದಲ್ಲವೇ ಎಂದು ಒಂದೊಂದು ಮೂಗಿಗೂ ಕವರಿನ ಮೇಲೆಯೇ ಬೊಟ್ಟಿಟ್ಟು ಸೇವಂತಿಗೆ ಮಾಲೆ ಕಟ್ಟಿದರು. ಪೂಜೆಯ ಹೂವನ್ನು ಅದಾಗಿ ಒಣಗುವ ತನಕ ಅಲ್ಲಿ ಯಾರೂ ಕೀಳುವುದಿಲ್ಲ. ಹೂವಿನಡಿ ಕವರ್ ಉಳಿಯಿತು.

ರಜೆ ಕಳೆದು ಕೆಲಸ ಶುರುವಾದ ಬೆಳಿಗ್ಗೆ ಮೇಡಂ ಚೀಲವನ್ನು ಭುಜದಿಂದ ಇಳಿಸದೆಯೇ ಪರದೆ ನೋಡಿದರು. ಸುತ್ತೊಂದಕ್ಕೆ ಅರವತ್ತರ ಆಸುಪಾಸು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿದ್ದ ಪೆಟ್ಟಿಗೆ, ಪೂಜೆಯ ದಿನದಿಂದ ಅದರ ಕಾಲುಭಾಗವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಪರದೆಯ ಮೇಲಿನ ಅದರ ಗೆರೆ ಕೆಳಕ್ಕೆ ಇಳಿದು ಹಾಗೇ ಮಲಗಿತ್ತು. ಗುರುಸ್ವಾಮಿಯವರು ಹಿಂದಿನಿಂದ ಬಂದು ನೋಡಿ, ಭೇಷಾಗಿ ಓಡ್ತಾ ಇದೆ, ಡೈರಿಯವರಿಗೆ ಇದನ್ನೇ ತೋರಿಸೋಣ ಅಂದರು. ಅವರ ದನಿಯಲ್ಲಿ ನಿಜವಾದ ಖುಷಿ ಇತ್ತು.

"ಗಾಳಿ ಯಾವತ್ತೂ ಹೀಗೆ ಒಂದೇ ಸಮ ನಿಲ್ಲಲ್ಲ" ಅಂದರು ಮೇಡಂ. "ಅದು ಏನನ್ನೂ ಮೂಸ್ತಾ ಇಲ್ಲ."

ಕೋಲ್ಡ್ ಸ್ಟೋರೇಜಿನ ಮೇಸ್ತ್ರಿ ಪುಟ್ಟಸ್ವಾಮಿಗೆ ಫೋನು ಮಾಡಿದರು. ಮಿಷಿನ್ ಸದ್ದಿನ ನಡುವೆ ಅವನು, ಎಲ್ಲ ಚೆನ್ನಾಗದೆ, ಸ್ಕ್ರೀನಲ್ಲಿ ಸೊನ್ನೆ ತೋರಿಸ್ತಾ ಅದೆ, ದೊಡ್ಡ ಮಿಷಿನ್ ಈಗ ತಾನೇ ಆನ್ ಮಾಡಿದೀನಿ ಅಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ದಿನಗಟ್ಟಲೆ ನಿಂತಿದ್ದ ಮಿಷಿನ್ನು ಮತ್ತೆ ಒತ್ತಡ ಏರಿಸುವ ಹೊತ್ತಿನಲ್ಲೇ ಕೊಳವೆಯ ಕೀಲುಗಳು ಸೋರುವುದು ಹೆಚ್ಚು. ಮೇಡಂ ನನ್ನ ಬೈಕಿನ ಕೀಲಿಯನ್ನು ಮೇಜಿನಿಂದ ತಾವೇ ಎತ್ತಿಕೊಂಡು ಮೆಟ್ಟಿಲು ಇಳಿದರು. ಹಿಂದೆಯೇ ಇಳಿದು ಬೈಕು ಶುರು ಮಾಡಿದೆ. ನನ್ನ ಭುಜ ಹಿಡಿದಿದ್ದ ಅವರ ಕೈ ದಾರಿಯುದ್ದಕ್ಕೂ ಬಿಗಿಯುತ್ತ ಹೋಯಿತು.

ಗೇಟಿನಲ್ಲೇ ವಾಸನೆ ಹೊಡೆಯಿತು. ತೀಕ್ಷ್ಣವಾಗಿ, ಮೂಗಿನ ಒಳಗೆ ಸೂಜಿ ಆಡಿಸಿದ ಹಾಗೆ. ಪುಟ್ಟಸ್ವಾಮಿ ಹಜಾರದ ಬಾಗಿಲಲ್ಲಿ ನಿಂತಿದ್ದ. ಕಣ್ಣು ಕೆಂಪಗಾಗಿತ್ತು. ಎಲ್ಲರನ್ನೂ ಆಚೆ ಕಳಿಸು ಅಂದರು ಮೇಡಂ. ಅವನಿಗೆ ಅವರ ಮೇಲೆ ಗೌರವವಿತ್ತು. ಆದರೂ ಜಗ್ಗಲಿಲ್ಲ.

"ಮಿಷಿನ್ ಶುರು ಮಾಡ್ದಾಗ ವಸಿ ವಾಸ್ನೆ ಇದ್ದದ್ದೇ ಮೇಡಮ್ನೋರೆ. ನಿಮ್ಮ ಮೂಗೇ ಸುಮ್ನದೆಯಲ್ಲ. ಅದು ಕೂಗ್ದೆ ಎಬ್ಬಿಸಿದ್ರೆ ಓನರ್ ನನ್ನ ಬುಡ್ತಾರಾ?"

ಆಮೇಲೆ ನನ್ನ ಕಡೆ ತಿರುಗಿ, ನೀವಾರ ಇವ್ರಿಗೆ ಯೋಳಿ ಸಾ, ಅಂದ. ಗುಂಡಿಯ ಬೀಗದ ಕೈ ಎಲ್ಲಿ ಅಂದೆ. ಓನರ್ ಜೊತೆ ಮೈಸೂರಿಗೆ ಹೋಗಿತ್ತು.

ಮೇಡಂ ಅವನನ್ನು ದಾಟಿ ಒಳಗೆ ಹೋಗಿ ಕೂಗಿದರು. ಅವರು ಕೂಗಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಗ್ಯಾಸು ಸೋರ್ತಿದೆ, ಎದ್ದು ಆಚೆ ಬನ್ನಿ, ಎಲ್ಲರೂ ಬನ್ನಿ. ಸಾಲಾಗಿ ಕೂತಿದ್ದ ಹೆಂಗಸರು ತಲೆ ಎತ್ತಿದರು. ಎಲ್ಲರ ಬಾಯಿಗೂ ಬಟ್ಟೆ, ಎಲ್ಲರ ಕಣ್ಣಲ್ಲೂ ನೀರು, ಎಲ್ಲರಿಗೂ ಕೆಮ್ಮು. ಮೆಣಸಿನಕಾಯಿ ಆರಿಸುವ ಜಾಗದಲ್ಲಿ ದಿನವೂ ಹಾಗೇ. ಮುಂದಿನ ಸಾಲಿನ ಚಿಕ್ಕತಾಯಮ್ಮ ಬಾಯಿಂದ ಬಟ್ಟೆ ಸರಿಸಿ, ನಗುತ್ತಲೇ ಅಂದಳು:

"ಕಾಯಿ ಗಾಟು ಕಣ್ರವ್ವ. ನಿಮ್ಗೆ ಅಬ್ಯಾಸಿಲ್ಲ. ಆಚೆ ನಿಂತ್ಕಳಿ, ಓಯ್ತದೆ."

ಪಕ್ಕದಲ್ಲಿದ್ದ ಅವಳ ಓರಗಿತ್ತಿ ಪುಟ್ಟಮ್ಮ ಏನೋ ಅಂದಳು, ಸುತ್ತಲಿನವರು ನಕ್ಕರು. ಕೈಗಳು ಮತ್ತೆ ಮೊರಕ್ಕೆ ಇಳಿದವು. ಮೇಡಂ ಮತ್ತೆ ಮತ್ತೆ ಕೂಗಿದರು. ಒಬ್ಬಿಬ್ಬರು ಏಳುವವರಂತೆ ಮಾಡಿ, ಪುಟ್ಟಸ್ವಾಮಿಯ ಮುಖ ನೋಡಿ, ಗೋಡೆಯ ಮೂಗನ್ನು ನೋಡಿ, ಕೂತುಕೊಂಡರು. ಅದನ್ನೇ ನಂಬಿ ಎಂದು ಅವರಿಗೆ ಹೇಳಿಕೊಟ್ಟಿದ್ದವರು ಮೇಡಂ ಅವರೇ.

ಮೇಡಂಗೂ ಆ ಕ್ಷಣ ಅದು ಹೊಳೆದಿರಬೇಕು. ಕೂಗುವುದನ್ನು ನಿಲ್ಲಿಸಿದರು. ಒಮ್ಮೆ ಗೋಡೆಯ ಕಡೆ ನೋಡಿದರು. ಮಾಲೆ, ಮಾಲೆಯ ಕೆಳಗೆ ಹೊಳೆಯುವ ಪ್ಲಾಸ್ಟಿಕ್. ಬಾಗಿಲ ಹತ್ತಿರ ಇದ್ದ ಕುಡಿಯುವ ನೀರಿನ ಡ್ರಮ್ಮಿಗೆ ಸೆರಗನ್ನು ಅದ್ದಿ ಮೂಗು ಬಾಯಿಗೆ ಸುತ್ತಿಕೊಂಡು ನನ್ನ ಕಡೆ ತಿರುಗಿದರು.

"ನೀನು ಎರಡೂ ಕದ ತೆಗೆದು ಹಿಡ್ಕೊಂಡು ನಿಲ್ಲು. ಒಳಗೆ ಬರಬೇಡ. ಬಂದ್ರೆ ಇವರು ಓಡೋವಾಗ ಅಡ್ಡ ಆಗ್ತೀಯ."

ಕೂಗುವಷ್ಟು ಗ್ಯಾಸು ಖಂಡಿತ ಸಿಗುವ, ಕೊಳವೆಗಳ ಪಕ್ಕದ ಮೂಗು ಇದ್ದದ್ದು ಹಜಾರದ ಆ ತುದಿಯಲ್ಲಿ, ಮಿಷಿನ್ ಮನೆಗೆ ಹೋಗುವ ಓಣಿಯ ಒಳಗೆ. ಹೆಂಗಸರ ಸಾಲುಗಳ ನಡುವೆ ಅವರು ಓಡಲಿಲ್ಲ, ಬೇಗ ಬೇಗ ನಡೆದರು. ಯಾರನ್ನೂ ತುಳಿಯದ ಹಾಗೆ ಸೀರೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದರು. ಓಣಿಯ ಒಳಗೆ ಹೋಗುವಾಗ ಸೂರಿನ ಹತ್ತಿರ ಬಿಳಿಯ ಹೊಗೆಯಂಥದು ನನಗೆ ಕಾಣಿಸಿತು. ಅವರಿಗೂ ಕಾಣಿಸಿರಬೇಕು. ಅವರ ಕೈ ಮೇಲಕ್ಕೆ ಹೋಯಿತು. ಮಾಲೆ ಹರಿದು ಬಿತ್ತು. ಕವರಿನ ಗಂಟು ಬಿಚ್ಚಲಿಲ್ಲ. ಎರಡು ಕೈಯಲ್ಲೂ ಎಳೆದರು, ಮುಖಕ್ಕೆ ಸುತ್ತಿದ್ದ ಸೆರಗು ಜಾರಿತು.

ಆಮೇಲೆ ಸೈರನ್ ಕೂಗಿತು.

ಇಲ್ಲಿಂದ ಮುಂದಿನದು ನನ್ನ ತಲೆಯಲ್ಲಿ ಕ್ರಮವಾಗಿ ಇಲ್ಲ. ಹೆಂಗಸರು ಒಟ್ಟಿಗೇ ಎದ್ದರು. ಮೊರಗಳು ಮಗುಚಿದವು, ನೆಲವೆಲ್ಲ ಕೆಂಪಗಾಯಿತು. ಕವಾಟ ಮುಚ್ಚುವ ಧಡ್ ಎಂಬ ಸದ್ದು ಕೇಳಿತು. ಅದರ ಹಿಂದೆಯೇ ಇನ್ನೊಂದು ಸದ್ದು, ಬಟ್ಟೆ ಹರಿದಂತೆ. ಸೋರುತ್ತಿದ್ದ ಕೀಲು ಪೂರ್ತಿ ಬಿಟ್ಟುಕೊಂಡಿತ್ತು. ಕೊಳವೆಯಲ್ಲಿ ಉಳಿದಿದ್ದ ಗ್ಯಾಸು ಬಿಳಿಯ ಗೋಡೆಯ ಹಾಗೆ ಓಣಿಯಿಂದ ಆಚೆ ಬಂತು. ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ನುಗ್ಗಿದರು. ನಾನು ಯಾರ ತೋಳು ಸಿಕ್ಕಿತೋ ಅದನ್ನು ಹಿಡಿದು ಎಳೆದೆ. ನನ್ನ ಗಂಟಲು ಮುಚ್ಚಿಕೊಂಡಿತು, ಉಸಿರು ಒಳಗೆ ಹೋಗಲೊಲ್ಲದು. ಹೆಂಗಸರನ್ನು ಆಚೆ ಎಳೆಯುತ್ತಿದ್ದಾಗ ಪುಟ್ಟಸ್ವಾಮಿ ಅಳುತ್ತಿದ್ದ. ಅವನು ಒಳ್ಳೆಯವನು. ಒದ್ದೆ ಗೋಣಿಚೀಲ ತಲೆಗೆ ಹಾಕಿಕೊಂಡು ಒಳಗೆ ಹೋಗಿ ಮೇಡಂ ಅವರನ್ನು ಎತ್ತಿಕೊಂಡು ಬಂದವನು ಅವನೇ. ಪುಟ್ಟಮ್ಮನಿಗಾಗಿ ಮತ್ತೆ ಹೋದ. ಅವಳು ಸಾಲಿನಲ್ಲೇ ಬಿದ್ದಿದ್ದಳು. ತಂದಾಗ ಉಸಿರಿರಲಿಲ್ಲ.

ಕವರ್ ಕಿತ್ತು ಮೂಗಿಗೆ ಗ್ಯಾಸು ತಾಗಿದ ಗಳಿಗೆಗೂ ಸೈರನ್ ಕೂಗಿದ ಗಳಿಗೆಗೂ ನಡುವೆ ಕಣ್ಣು ಮಿಟುಕಿಸುವಷ್ಟೂ ಹೊತ್ತಾಗಿರಲಿಲ್ಲ ಎಂದು ಪೆಟ್ಟಿಗೆಯ ಗಡಿಯಾರ ಹೇಳುತ್ತದೆ. ಆ ಅಂಕಿಯನ್ನು ನಾನೇ ತೆಗೆದು ನೋಡಿದ್ದೇನೆ, ಅದರಲ್ಲಿ ತಪ್ಪಿಲ್ಲ. ಆದರೆ ಆ ಕಣ್ಣು ಮಿಟುಕಿನೊಳಗೆ ನಾನು ಇನ್ನೂ ನಿಂತಿದ್ದೇನೆ. ಎರಡೂ ಕೈಯಲ್ಲಿ ಬಾಗಿಲು, ಆ ತುದಿಯಲ್ಲಿ ಅವರ ಬೆನ್ನು, ಸದ್ದಿಲ್ಲ. ಸ್ನಾನ ಮಾಡುವಾಗ, ಬೈಕಿನಲ್ಲಿ ಹೋಗುವಾಗ, ಮಾತಿನ ನಡುವೆ ಅದು ಬರುತ್ತದೆ. ನಾನು ಕೂಗಲು ಬಾಯಿ ತೆರೆಯುತ್ತೇನೆ. ಯಾರನ್ನು ಏನೆಂದು ಕೂಗಬೇಕು ಗೊತ್ತಾಗುವುದಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಮೇಡಂ ಬಹಳ ದಿನ ಇದ್ದರು. ಒಂದು ಕಣ್ಣು ಹೋಯಿತು. ದನಿ ಹೋಯಿತು. ಶ್ವಾಸಕೋಶ ಸುಟ್ಟುಹೋಗಿದೆ ಎಂದು ಡಾಕ್ಟರು ತಂಗಿಗೆ ಹೇಳಿದ್ದರು. ಪುಟ್ಟಮ್ಮನ ವಿಷಯ ಅಕ್ಕನಿಗೆ ತಿಳಿಸಬೇಡ ಎಂದು ತಂಗಿ ನನ್ನಿಂದ ಮಾತು ತೆಗೆದುಕೊಂಡಿದ್ದರು. ಮೊದಲ ಸಲ ಎಚ್ಚರದಲ್ಲಿ ಸಿಕ್ಕಾಗ ಅವರು ಕೈಯನ್ನು ಬಾಗಿಲಿನ ಕಡೆ ಬೀಸಿ, ಬೆರಳುಗಳನ್ನು ಬಿಡಿಸಿ ತೋರಿಸಿದರು. ಎಲ್ಲರೂ ಬಂದರಾ? ಎಲ್ಲರೂ ಬಂದರು ಮೇಡಂ ಅಂದೆ. ಅವರು ನನ್ನ ಕೈ ಎಳೆದುಕೊಂಡು ನಾಡಿಯ ಮೇಲೆ ಎರಡು ಬೆರಳು ಇಟ್ಟರು. ಉಳಿದ ಒಂದು ಕಣ್ಣು ನನ್ನ ಮುಖದ ಮೇಲಿತ್ತು. ಮತ್ತೆ ಹೇಳಿದೆ, ಎಲ್ಲರೂ ಬಂದರು. ಕೊಂಚ ಹೊತ್ತು ಹಾಗೇ ಹಿಡಿದಿದ್ದು, ಕೈ ಬಿಟ್ಟು, ಗೋಡೆಯ ಕಡೆ ಹೊರಳಿಕೊಂಡರು.

ವಿಚಾರಣೆಗೆ ಕೊಡಬೇಕಾದ ವರದಿಯನ್ನು ಗುರುಸ್ವಾಮಿಯವರು ಬರೆಸಿದರು. ಮೂಗು ಗ್ಯಾಸನ್ನು ಗ್ರಹಿಸಿದ ಮೇಲೆ ಒಂದು ಸೆಕೆಂಡಿನೊಳಗೆ ಸೈರನ್ ಕೂಗಿದೆ, ಕವಾಟ ಮುಚ್ಚಿದೆ, ವ್ಯವಸ್ಥೆಯಲ್ಲಿ ಲೋಪವಿಲ್ಲ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಕೆಟ್ಟ ಮನಸ್ಸಿನಿಂದ ಬರೆಸಿದ್ದೂ ಅಲ್ಲ. ಕಂಪನಿ ಮುಚ್ಚಿದರೆ ನಾವೆಲ್ಲ ಬೀದಿಗೆ ಬೀಳುತ್ತಿದ್ದೆವು. ಕವರ್ ಕಟ್ಟಿ ಮರೆತದ್ದು ಕೋಲ್ಡ್ ಸ್ಟೋರೇಜಿನವರು, ನಮ್ಮ ಪೆಟ್ಟಿಗೆ ಏನು ಮಾಡಬೇಕಿತ್ತೋ ಮಾಡಿದೆ, ಮೇಡಂ ಮಾಡಿದ್ದರಿಂದಲೇ ಅಷ್ಟು ಜನ ಉಳಿದದ್ದು, ಅದೂ ಬರಲಿ ಅಂದರು. ಮೇಡಂ ಸಹಿಗೆಂದು ಅದನ್ನು ನಾನೇ ನರಸೀಪುರಕ್ಕೆ ಒಯ್ದೆ. ಅಷ್ಟರಲ್ಲಿ ಅವರನ್ನು ಮನೆಗೆ ಕರೆತಂದಿದ್ದರು. ಕಿಟಕಿಯ ಹತ್ತಿರ ಆಕ್ಸಿಜನ್ ಹಾಕಿಕೊಂಡು ಕೂತಿದ್ದರು. ಓದಿ ಮುಗಿಸಿದರು. ಪೆನ್ನು ತೆಗೆದುಕೊಂಡು 'ಒಂದು ಸೆಕೆಂಡಿನೊಳಗೆ' ಎಂಬಲ್ಲಿ ಗೆರೆ ಎಳೆದು, ಅಂಚಿನಲ್ಲಿ ಬರೆದರು: ಎಲ್ಲಿಂದ?

ಸಹಿ ಮಾಡಲಿಲ್ಲ. ಪೂಜೆಯ ದಿನದಿಂದ ಎಣಿಸಬೇಕೆಂಬುದು ಅವರ ಮನಸ್ಸಿನಲ್ಲಿದೆ ಎಂದುಕೊಂಡೆ. ಹಾಗೇನಾ ಎಂದು ಕೇಳಿದೆ. ಅವರು ಅಲ್ಲ ಎನ್ನುವಂತೆ ಕೈ ಆಡಿಸಿದರು. ಕೆಮ್ಮು ಬಂತು, ತಂಗಿ ಬಂದು ಕಾಗದ ತೆಗೆದಿಟ್ಟರು. ಮತ್ತೆ ಆ ಮಾತು ಎತ್ತಲು ಆಗಲಿಲ್ಲ. ಕೊನೆಯ ವಾರಗಳಲ್ಲಿ ಅವರು ಒಂದೊಂದು ಉಸಿರಿಗೂ ಹೋರಾಡುತ್ತಿದ್ದರು.

ಅವರು ಹೋದ ಮೇಲೆ ಆ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡಿದ್ದರು. ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ನಾಲ್ಕು ಮಾತು ಹೇಳಿ, ಎಲ್ಲರಿಗೂ ಊಟ ಹಾಕಿದರು. ಗುರುಸ್ವಾಮಿಯವರು ಬಂದು ಮೂಲೆಯಲ್ಲಿ ನಿಂತಿದ್ದು ಹೋದರು. ಜನ ಕರಗಿದ ಮೇಲೆ ಜಗುಲಿಯಲ್ಲಿ ಕೂತಿದ್ದವಳು ಚಿಕ್ಕತಾಯಮ್ಮ. ಓರಗಿತ್ತಿ ಪುಟ್ಟಮ್ಮನ ಮಗಳನ್ನು ಜೊತೆಯಲ್ಲಿ ಕರೆತಂದಿದ್ದಳು. ಆ ಹುಡುಗಿ ಒಳಗೆ ಪಾತ್ರೆ ತೊಳೆಯಲು ಸೇರಿಕೊಂಡಿದ್ದಳು. ಚಿಕ್ಕತಾಯಮ್ಮ ನನ್ನನ್ನು ಕಂಡು ಪಕ್ಕದಲ್ಲಿ ಜಾಗ ಮಾಡಿದಳು.

ನಿಮ್ಮ ಕಂಪನಿಯವರು ಏನು ಬರ್ಕೊಟ್ರಂತೆ, ಎಂದು ಕೇಳಿದಳು. ಮುಚ್ಚಿಡಲು ಮನಸ್ಸಾಗಲಿಲ್ಲ. ಮೂಗು ಹಿಡಿದ ಒಂದು ಸೆಕೆಂಡಿನೊಳಗೆ ಸೈರನ್ ಕೂಗಿತು ಎಂದು ಬರೆದಿದೆ, ಮೇಡಂ ಸಹಿ ಮಾಡಲಿಲ್ಲ, ಎಲ್ಲಿಂದ ಎಂದು ಕೇಳಿದರು ಅಂದೆ.

ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

"ಸೈರನ್ ಕೂಗಿದ್ಮೇಲೆ ನಾವು ಕೂತಿರ್ನಿಲ್ಲ ಕಣಪ್ಪ, ತಕ್ಷಣ ಎದ್ದೊ" ಅಂದಳು. "ಮೇಡಮ್ನೋರು ಕೂಗಿದ್ಮೇಲೆ ಕೂತಿದ್ದೊ. ಅದ ಬರ್ದಿದಾರಾ?"

ಇಲ್ಲ ಅಂದೆ. ಅದನ್ನು ಅಳೆದವರು ಯಾರೂ ಇಲ್ಲ, ಎಷ್ಟು ಹೊತ್ತೋ ಯಾರಿಗೂ ಗೊತ್ತಿಲ್ಲ ಅಂದೆ.

"ನಂಗೊತ್ತು" ಅಂದಳು ಚಿಕ್ಕತಾಯಮ್ಮ. ಎರಡು ಅಂಗೈಯನ್ನೂ ಮಡಿಲಿನ ಮೇಲೆ ಅಗಲವಾಗಿ ಬಿಡಿಸಿ ಹಿಡಿದಳು. "ಮೇಡಮ್ನೋರು ಕೂಗ್ದಾಗ ನನ್ನ ಮೊರ ತುಂಬಿತ್ತು. ಪುಟ್ಟಮ್ಮಂದೂವೆ. ಸೈರನ್ ಬರೋವೊತ್ಗೆ ಇಬ್ರದೂ ಆಯ್ದು ಮುಗ್ದಿತ್ತು."